‘ಅ’ ಕಪ್ಪಲ್ಲ

ಓದು ನಿನಗೆ ಹತ್ತುವುದಿಲ್ಲ ಎಂದು ಬಾಳವ್ವನಿಗೆ ಮೊದಲು ಹೇಳಿದವಳು ಅತ್ತೆ. ಆಮೇಲೆ ಹೊಳೆ ದಾಟಿಸಿದ ಅಂಬಿಗ. “ತಿರುಗಿ ಹೋಗಾಕ ನಾನ ಬೇಕಲ್ಲ, ಇಲ್ಲೇ ದಂಡ್ಯಾಗ ಇರತೀನಿ” ಎಂದು ನಕ್ಕ. ಮೂರನೆಯವನು ಆಶ್ರಮದ ಹಿರಿಯ ಶಿಷ್ಯ ರೇವಣಯ್ಯ.

“ಮೂವತ್ತು ದಾಟಿದ ನಾಲಿಗಿ ಹೊರಳಂಗಿಲ್ಲವ್ವ” ಎಂದ ರೇವಣಯ್ಯ.

ಸುಣ್ಣದ ಗೂಡಿನಲ್ಲಿ ದುಡಿದು ಬಂದ ಬಾಳವ್ವ ಯಾರ ಮಾತಿಗೂ ನಿಲ್ಲಲಿಲ್ಲ. ಹೋಗಿ ಗುರುಗಳ ಎದುರು ಮರಳಿನ ಮೇಲೆ ಕುಳಿತಳು.

ಆಶ್ರಮದ ನಿಯಮ ಒಂದೇ. ಮೂರು ತಿಂಗಳಲ್ಲಿ ಒಂದು ಹಾಳೆ ಓದಬೇಕು. ಆಗದವರು ಮನೆಗೆ ಹೋಗಬೇಕು.

ಗುರು ಅನ್ನದಾನಯ್ಯ ಹೊಸಬರಿಗೆ ವರ್ಣಮಾಲೆಯನ್ನು ಮೊದಲು ಬಾಯಿಂದ ಕಲಿಸುತ್ತಿದ್ದರು. ಬರಹ ಆಮೇಲೆ.

“ಅ” ಎಂದರು. “ಇದು ಯಾವ ವರ್ಣ?”

“ಕೆಂಪು” ಎಂದಳು ಬಾಳವ್ವ.

ಶಿಷ್ಯರೆಲ್ಲ ನಕ್ಕರು.

“ವರ್ಣ ಅಂದ್ರ ಅಕ್ಷರ, ತಾಯಿ” ಎಂದ ರೇವಣಯ್ಯ. “ಇದೇನು ಸೀರಿ ಅಂಗಡಿ ಅಲ್ಲ.”

ಗುರು ನಗಲಿಲ್ಲ. “ಎಂಥಾ ಕೆಂಪು?”

“ಕುಸುಬಿ ಹೂ ಬಾಡೂ ಮುಂದ ಆಗತೈತಲ್ರೀ, ಅಂಥಾದ್ದು.”

“ಇ?”

“ಎಳಿ ಹಳದಿ. ಸೂಜಿ ಹಂಗ ಬರತೈತಿ, ಹೋಗತೈತಿ.”

“ಊ?”

“ಅದು ದೊಡ್ಡದ್ರಿ. ಮೋಡದ ಬಣ್ಣ. ಹೊಳೀ ಆಚೀ ದಂಡಿ ತನಕ ಹರವಿಕೊಳ್ಳತೈತಿ.”

ಯಾವ ಸದ್ದು ಕೇಳಿದರೂ ಬಾಳವ್ವನಿಗೆ ಬಣ್ಣ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಹಾಗೆಯೇ.

ವಾರ ಬಿಟ್ಟು ಗುರು ಅದೇ ಸ್ವರಗಳನ್ನು ಹಿಂದುಮುಂದು ಮಾಡಿ ಕೇಳಿದರು. ಉತ್ತರ ಬದಲಾಗಲಿಲ್ಲ. ತಿಂಗಳು ಬಿಟ್ಟು, ಅವಳು ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಬಂದು ನಿಂತು “ಇ” ಎಂದರು.

“ಎಳಿ ಹಳದಿ” ಎಂದಳು, ತಿರುಗದೆಯೇ. “ಎಷ್ಟ ಸಲಾ ಕೇಳತೀರಿ ಅಪ್ಪಾರ? ಮುಂಜಾನಿಂದ ನೀವು ಮಾತಾಡಿದ್ದೆಲ್ಲಾ ಕಾಣಾಕತ್ತೈತಿ.”

ಗುರು ಅಲ್ಲೇ ನೆಲದ ಮೇಲೆ ಕುಳಿತರು.

“ಐವತ್ತು ವರ್ಷ ದಿನಾ ಇದನ್ನ ಅಂದೀನಿ” ಎಂದರು, ತಮಗೆ ತಾವೇ. “ಒಂದ ದಿನಾನೂ ಕಂಡಿಲ್ಲ.”

ಎರಡನೆಯ ತಿಂಗಳು ಬರಹ ಶುರುವಾಯಿತು. ಅಲ್ಲಿ ಬಾಳವ್ವ ಎಡವಿದಳು.

ರೇವಣಯ್ಯ ಹಾಳೆಯ ಮೇಲೆ ಮಸಿಯಲ್ಲಿ ಬರೆದು ತೋರಿಸಿದ. “ಇದು ಅ.”

“ಅಲ್ಲ.”

“ಅಲ್ಲ ಅಂದ್ರ?”

“ಅ ಕೆಂಪ ಐತಿ. ಇದು ಕಪ್ಪು.”

“ಎಲ್ಲಾ ಅಕ್ಷರಾನೂ ಕಪ್ಪ ಇರತಾವು!”

“ಹಂಗಾರ ಒಂದರಿಂದ ಒಂದನ್ನ ಹೆಂಗ ಗುರುತಾ ಹಿಡೀತೀರಿ?”

ಹಾಳೆ ಅವಳಿಗೆ ಇರುವೆ ಮುತ್ತಿದ ಗೋಡೆಯಂತೆ ಕಾಣುತ್ತಿತ್ತು. ಇವತ್ತು ಕಲಿತ ಅಕ್ಷರ ನಾಳೆಗೆ ಇರುತ್ತಿರಲಿಲ್ಲ. ಉಳಿದವರು ನಗುತ್ತಾರೆಂದು ಅವಳು ಬಾಯಿ ಬಿಗಿಹಿಡಿದು, ಕಣ್ಣಿನಲ್ಲೇ ಓದಲು ನೋಡುತ್ತಿದ್ದಳು.

ಮೂರು ತಿಂಗಳು ತುಂಬಲು ಹತ್ತು ದಿನ ಉಳಿದಾಗ ಗುರುವಿನ ಬಳಿ ಬಂದಳು.

“ಅಪ್ಪಾರ, ಈ ಬಣ್ಣ ತಗದುಬಿಡ್ರಿ. ಮನ್ಯಾಗ ಇದಕ್ಕ ದೆವ್ವದ ಗಾಳಿ ಅಂದು ಬೆನ್ನಿಗೆ ಬರಿ ಹಾಕಿದ್ರು. ಹೋಗಲಿಲ್ಲ. ನೀವರ ತಗೀರಿ. ನಾ ಓದಬೇಕು.”

ಗುರು ಎದ್ದರು. ಅವಳನ್ನು ಹೊಳೆಯ ದಂಡೆಗೆ ಕರೆದೊಯ್ದರು. ಅವಳ ತೋರುಬೆರಳು ಹಿಡಿದು ಹಸಿ ಮರಳಿನ ಮೇಲೆ ‘ಅ’ ತಿದ್ದಿಸಿದರು.

“ಯಾವ ಬಣ್ಣ?”

“ಮರಳಿನ ಬಣ್ಣ.”

“ಈಗ ಬಾಯಿ ತಗದು ತಿದ್ದು.”

“ಅ...” ಎನ್ನುತ್ತ ತಿದ್ದಿದಳು. ಬೆರಳು ನಿಂತುಬಿಟ್ಟಿತು. ಕಾಲುವೆಗೆ ನೀರು ಬಿಟ್ಟಂತೆ, ತೋಡಿದ ಗೆರೆಯೊಳಗೆ ಕುಸುಬಿಯ ಕೆಂಪು ಹರಿದು ಬರುತ್ತಿತ್ತು.

“ಬಾಯಿ ಮುಚ್ಚಿದ ಅಕ್ಷರ ಎಲ್ಲಾರಿಗೂ ಕಪ್ಪ, ತಂಗಿ” ಎಂದರು ಗುರು.

ಹತ್ತು ದಿನ ಅವಳು ಕೂಗಿ ಕೂಗಿ ತಿದ್ದಿದಳು. ದಂಡೆಯುದ್ದಕ್ಕೂ ಬಣ್ಣಗಳು ಎದ್ದು ನಿಂತವು. ಬೆರಳಿನ ತುದಿ ಸುಲಿದು ಹಸಿಯಾಯಿತು. ರೇವಣಯ್ಯ ಕಿವಿಗೆ ಅರಳೆ ಇಟ್ಟುಕೊಂಡ.

ಕೊನೆಯ ದಿನ ಗುರು ಒಂದು ಹಾಳೆ ಕೊಟ್ಟರು.

ಬಾಳವ್ವ ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದಿದಳು. ಒಂದೊಂದು ಕಪ್ಪು ಗೆರೆಯೂ ಅವಳ ದನಿ ತಾಗಿದೊಡನೆ ಹೊತ್ತಿಕೊಂಡಿತು. ಕೆಂಪಿನ ಮೇಲೆ ಹಳದಿ, ಹಳದಿಯ ಅಂಚಿಗೆ ಮೋಡ. ಅದು ಬೇರೆ ಯಾರಿಗೂ ಕಾಣಲಿಲ್ಲ. ಆದರೆ ಅವಳ ಮುಖ ಎಲ್ಲರಿಗೂ ಕಂಡಿತು. ನಗಲೆಂದು ಬಂದವರು ಉಸಿರು ಹಿಡಿದು ಕುಳಿತರು.

ಹಾಳೆ ಮುಗಿಯಿತು.

“ಮೂರು ತಿಂಗಳಿಗೆ ಒಂದ ಹಾಳಿ” ಎಂದ ರೇವಣಯ್ಯ, ಮೆಲ್ಲಗೆ.

“ಹೌದ್ರಿ, ಒಂದ ಹಾಳಿ” ಎಂದಳು ಬಾಳವ್ವ. “ಈಗ ಅದು ನಂದು. ಬೆರಳಿನ ತೊಗಲು ಕೊಟ್ಟು ತಗೊಂಡೀನಿ, ಇದ್ದ ಊರು ಬಿಟ್ಟು ತಗೊಂಡೀನಿ. ಯಾರೂ ದಾನಾ ಕೊಟ್ಟಿದ್ದಲ್ಲ.”

ಗುರು ಅವಳನ್ನೇ ನೋಡುತ್ತಿದ್ದರು.

“ಓದಿ ಮುಗಿಸಿ ಸುಮ್ಮನಾದ್ಯಲ್ಲ ತಂಗಿ, ಆಗ ಯಾವ ಬಣ್ಣ ಇತ್ತು?”

ಬಾಳವ್ವ ಕಿವಿಗೊಟ್ಟು ಕೇಳಿದಳು. ಹೊಳೆಯ ಸದ್ದಿಗೆ ಅದರ ಬಣ್ಣವಿತ್ತು, ಗಾಳಿಯ ಸದ್ದಿಗೆ ಅದರದ್ದು. ಅವೆರಡರ ಹಿಂದೆ ಇನ್ನೇನೋ ಇತ್ತು.

“ಏನೋ ಐತ್ರಿ” ಎಂದು ಪಿಸುಗುಟ್ಟಿದಳು. “ಏನಂತ ತಿಳಿವಲ್ದು, ಅಪ್ಪಾರ.”

ಗುರು ತಮ್ಮ ಚಾಪೆಯಿಂದ ಎದ್ದು, ಮರಳಿನ ಮೇಲೆ ಕುಳಿತಿದ್ದ ಅವಳ ಪಕ್ಕಕ್ಕೆ ಬಂದರು.

“ನನಗೂ ತಿಳಿವಲ್ದು” ಎಂದರು. “ಸ್ವಲ್ಪ ಸರದು ಕೂಡು.”