ಶಾಲೆಯಲ್ಲಿ ನಿಲ್ಲದ ಜೀರುಂಡೆ

"ಗುರುಗಳೇ, ನನ್ನ ತರಗತಿಯ ಒಬ್ಬ ಹುಡುಗ ಆಟದ ರೋಬೋಟಿನ ತಪ್ಪು ಗುಂಡಿಯನ್ನೇ ಯಾವಾಗಲೂ ಒತ್ತುತ್ತಾನೆ. ಅವನನ್ನು ಆ ಆಟದಿಂದ ಬಿಡಿಸಿಬಿಡಲೇ?" ಎಂದು ಶಿಷ್ಯ ಕೇಳಿದ. ಅವನು ಚಿಕ್ಕ ಮಕ್ಕಳಿಗೆ ಪಾಠ ಹೇಳುವವನು.

ಗುರುಗಳು ಒಂದು ಕತೆ ಶುರುಮಾಡಿದರು.

ಒಬ್ಬ ಶಿಕ್ಷಕಿಯ ಶಾಲೆಗೆ ಆಟದ ಜೀರುಂಡೆಯೊಂದು ಬಂತು. ಚಕ್ರದ ಮೇಲೆ ಓಡುವ ರೋಬೋಟು. ಬೆನ್ನ ಮೇಲೆ ಮುಂದೆ, ಹಿಂದೆ, ಎಡ, ಬಲ ಎಂದು ಗುಂಡಿಗಳು. ಯಾವ ಕ್ರಮದಲ್ಲಿ ಒತ್ತಿದರೆ ಆ ಕ್ರಮದಲ್ಲೇ ನಡೆಯುತ್ತದೆ. ಸ್ವಂತ ಬುದ್ಧಿ ಒಂದಿಷ್ಟೂ ಓಡಿಸುವುದಿಲ್ಲ. ಶಿಕ್ಷಕಿಗೆ ಸಂಭ್ರಮವೋ ಸಂಭ್ರಮ. ನೆಲದ ಮೇಲೆ ಚೌಕಗಳನ್ನು ಎಳೆದು, ಒಂದು ಮೂಲೆಯಲ್ಲಿ ಮನೆ, ಇನ್ನೊಂದು ಮೂಲೆಯಲ್ಲಿ ಶಾಲೆ ಬರೆದಳು. ಜೀರುಂಡೆಯನ್ನು ಮನೆಯಿಂದ ಶಾಲೆಗೆ ಕಳಿಸಬೇಕು, ಅಷ್ಟೇ ಆಟ. ಮಕ್ಕಳು ನಾ ಮುಂದು ತಾ ಮುಂದು ಎಂದು ನುಗ್ಗಿದರು.

ಒಬ್ಬ ಹುಡುಗಿಯ ಸರದಿಯಲ್ಲಿ ಮಾತ್ರ ಜೀರುಂಡೆ ಶಾಲೆ ಮುಟ್ಟಿ, ಅಲ್ಲಿ ನಿಲ್ಲದೆ, ಹೋದ ದಾರಿಯಲ್ಲೇ ಹಿಮ್ಮುಖವಾಗಿ ನಡೆದು ಮನೆಗೆ ಬಂದುಬಿಟ್ಟಿತು. ಶಾಲೆಗೆ ಚಕ್ಕರ್ ಹೊಡೆಯಿತೆಂದು ಮಕ್ಕಳು ಬಿದ್ದು ಬಿದ್ದು ನಕ್ಕರು. ಶಿಕ್ಷಕಿ ತಿದ್ದಿದಳು, ಮತ್ತೆ ತಿದ್ದಿದಳು. ಜೀರುಂಡೆ ಮತ್ತೆ ಮನೆಗೇ ಬಂತು. ಹುಡುಗಿಯ ಕಣ್ಣು ತುಂಬಿತು. ಇದು ಇವಳ ತಲೆಗೆ ಹತ್ತುವುದಿಲ್ಲ ಎಂದುಕೊಂಡ ಶಿಕ್ಷಕಿ, ಸರದಿಯನ್ನು ಪಕ್ಕದವಳಿಗೆ ಕೊಡಲು ಹೊರಟವಳು, ಯಾಕೋ ತಡೆದು ಕೇಳಿದಳು: "ವಾಪಸ್ ಯಾಕಮ್ಮ ಕರ್ಕೊಂಡು ಬರ್ತೀಯ?"

"ಹೋಗು ಅಂತ ಕಳಿಸ್ಬಾರ್ದು ಟೀಚರ್. ಹೋಗಿ ಬಾ ಅನ್ಬೇಕು."

ಶಿಕ್ಷಕಿ ಆ ಗುಂಡಿಗಳನ್ನು ಮನಸ್ಸಿನಲ್ಲೇ ಮತ್ತೆ ಒತ್ತಿ ನೋಡಿದಳು. ಕೊನೆಯ ಹೆಜ್ಜೆ ಮೊದಲಿಗೆ, ಮೊದಲ ಹೆಜ್ಜೆ ಕೊನೆಗೆ. ಮುಂದೆ ಹೋದಲ್ಲಿ ಹಿಂದೆ, ಬಲಕ್ಕೆ ತಿರುಗಿದ್ದಲ್ಲಿ ಎಡಕ್ಕೆ. ಹೋದ ದಾರಿಯನ್ನು ಆ ಪುಟ್ಟ ತಲೆ ಪೂರ್ತಿ ಮಗುಚಿ ಹಾಕಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಶಿಕ್ಷಕಿಗೆ ಖುಷಿ ತಡೆಯಲಾಗಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಗಿರ್‍ರನೆ ತಿರುಗಿದಳು. ಆಮೇಲೆ ನಗುತ್ತಿದ್ದ ಮಕ್ಕಳನ್ನೆಲ್ಲ ಹತ್ತಿರ ಕೂರಿಸಿ, ಜೀರುಂಡೆಯನ್ನು ಮನೆಗೆ ಕರೆತರುವುದು ಹೇಗೆಂದು ಅವಳಿಂದಲೇ ಹೇಳಿಸಿದಳು. ಅಂದು ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಶಿಷ್ಯನ ಮುಖ ಅರಳಿತ್ತು. "ಎಂಥಾ ಹುಡುಗಿ, ಗುರುಗಳೇ" ಎಂದ.

ಗುರುಗಳು ಕೇಳಿದರು: "ನಿನ್ನ ಹುಡುಗ ಯಾಕೆ ಹಾಗೆ ಒತ್ತುತ್ತಾನಂತೆ?"