ಕ್ಷೇಮ ಕೇಳದ ಕಾಗದ

“ಗುರುಗಳೇ, ನಿಜವನ್ನೇ ಹೇಳಿದವನಿಂದಲೂ ಕೇಡಾಗುವುದುಂಟೆ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಬ್ರಿಟಿಷರು ಆಳುತ್ತಿದ್ದ ಕಾಲ. ಧಾರವಾಡ ಸೀಮೆಯ ಒಂದು ಊರಿನಲ್ಲಿ ಭುಜಂಗರಾಯನೆಂಬ ಸಂಪಾದಕನಿದ್ದ. ವಾರಕ್ಕೊಮ್ಮೆ ಪತ್ರಿಕೆ ಹೊರಡಿಸುತ್ತಿದ್ದ. ಅಲ್ಲಿಂದ ಎರಡು ದಿನದ ದಾರಿಯ ಹಳ್ಳಿಯೊಂದರಲ್ಲಿ ಚೆನ್ನವೀರಪ್ಪನೆಂಬ ಸರಕಾರಿ ಶಾಲೆಯ ಮಾಸ್ತರನಿದ್ದ. ಅವನು ಆ ಪತ್ರಿಕೆಗೆ ಲೇಖನ ಬರೆಯುತ್ತಿದ್ದ. ಸರಕಾರದ ನೌಕರ ಹಾಗೆ ಬರೆಯುವಂತಿರಲಿಲ್ಲ. ಆದ್ದರಿಂದ ಅವನ ಲೇಖನಗಳು ‘ದಾರಿಹೋಕ’ ಎಂಬ ಹೆಸರಿನಲ್ಲಿ ಅಚ್ಚಾಗುತ್ತಿದ್ದವು.

ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಒಮ್ಮೆಯೂ ಮುಖ ನೋಡಿರಲಿಲ್ಲ. ಇದ್ದದ್ದು ಕಾಗದಗಳು ಮಾತ್ರ. ಸಂಪಾದಕ ಮೊದಲು ಮನೆಯವರ ಕ್ಷೇಮ ಕೇಳುತ್ತಿದ್ದ. ಆಮೇಲೆ ಲೇಖನಕ್ಕೆ ಬರುತ್ತಿದ್ದ. ಈ ಮಾತು ಭಾರವಾಯಿತು, ಈ ಸಾಲು ಬೇಡ ಎನ್ನುತ್ತಿದ್ದ. ಮಾಸ್ತರ ಒಪ್ಪುತ್ತಿರಲಿಲ್ಲ. ಒಂದೊಂದು ಶಬ್ದಕ್ಕೆ ನಾಲ್ಕು ನಾಲ್ಕು ಕಾಗದಗಳು ಹೋಗಿಬಂದದ್ದುಂಟು. ಮಾಸ್ತರನ ಹೆಂಡತಿ ಶಿವಲಿಂಗವ್ವನಿಗೆ ಓದು ಬಾರದು. ಬಂದ ಕಾಗದವನ್ನೆಲ್ಲ ಅವನು ಅವಳಿಗೆ ಓದಿ ಹೇಳುತ್ತಿದ್ದ.

ಊರಿನ ಚಾವಡಿಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. “ಈ ದಾರಿಹೋಕ ಯಾರೋ, ಗಂಡಸು” ಎಂದು ಹೊಗಳುತ್ತಿದ್ದರು. ಮಾಸ್ತರ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ. ಅದೇ ಅವನ ಸುಖ, ಅದೇ ಅವನ ಸಂಕಟ.

ಒಂದು ವರ್ಷ ಆ ಭಾಗಕ್ಕೆ ಒಬ್ಬ ದೊಡ್ಡ ಅಧಿಕಾರಿ ಸುತ್ತಾಟಕ್ಕೆ ಬಂದ. ಅವನ ಡೇರೆ ಸಾಗಿಸಲು ಸಿಪಾಯಿಗಳು ಸಿಕ್ಕ ಗಾಡಿಗಳನ್ನೆಲ್ಲ ಹಿಡಿದರು. ಫಕೀರಪ್ಪನೆಂಬ ರೈತ ಹೆರಿಗೆ ಕಷ್ಟವಾಗಿದ್ದ ತಂಗಿಯನ್ನು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದ. ಅವಳನ್ನು ರಸ್ತೆಯ ಬದಿಗೆ ಇಳಿಸಿ ಗಾಡಿ ತೆಗೆದುಕೊಂಡು ಹೋದರು. ಅವಳು ಅಲ್ಲೇ ಸತ್ತಳು. ಫಕೀರಪ್ಪ ಮಾಸ್ತರನ ಮುಂದೆ ಅತ್ತ. “ಬರೀರಿ ಮಾಸ್ತರ್ರ. ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ. ಮನ್ಯಾಗ ಇನ್ನೂ ಮಂದಿ ಅದಾರ” ಎಂದ. ಮಾಸ್ತರ ಮಾತು ಕೊಟ್ಟ. ಲೇಖನ ಅಚ್ಚಾಯಿತು.

ಸಂಪಾದಕನಿಗೆ ಸರಕಾರಿ ಕಚೇರಿಯಿಂದ ಕರೆ ಬಂತು.

“ಈ ದಾರಿಹೋಕ ಯಾರು?” ಎಂದು ಕೇಳಿದರು.

“ನಾನೇ.”

“ಗಾಡಿಯವನು ಯಾರು?”

“ಅಳುತ್ತಿದ್ದವನ ಹೆಸರು ಕೇಳಲು ನನಗೆ ಬಾಯಿ ಬರಲಿಲ್ಲ” ಎಂದ ಭುಜಂಗರಾಯ.

ಅವರು ನಂಬಲಿಲ್ಲ. ಆದರೆ ಕೈಯಲ್ಲಿ ಆಧಾರವಿರಲಿಲ್ಲ. ಅವನನ್ನು ಬಿಟ್ಟು ಕಳಿಸಿದರು. ಮನೆಯ ಎದುರಿಗೆ ಒಬ್ಬ ಪೊಲೀಸನನ್ನು ನಿಲ್ಲಿಸಿದರು.

ಮರುವಾರ ಮಾಸ್ತರನ ಲಕೋಟೆ ಬಂತು. ಅದರ ಅಂಚಿನಲ್ಲಿ ಎರಡು ಸಲ ಅಂಟು ಹಚ್ಚಿದ ಗುರುತಿತ್ತು. ಯಾರೋ ಬಿಚ್ಚಿ ಓದಿ ಮತ್ತೆ ಮುಚ್ಚಿದ್ದರು. ಒಳಗೆ ಒಂದು ಹೊಸ ಬರಹವಿತ್ತು, ಕೆಳಗೆ ಮಾಸ್ತರನ ಸಹಿಯಿತ್ತು. ಹಳೆಯ ಲೇಖನದ ಮಾತೇನೂ ಇರಲಿಲ್ಲ. ಸಂಪಾದಕ ಯೋಚಿಸಿದ. ಈ ಮಾಸ್ತರನ ಹೆಸರು ಈಗ ಅವರಿಗೆ ಸಿಕ್ಕಿದೆ. ತಾನು ಬರೆಯುವುದನ್ನೂ ಅವರು ಓದುತ್ತಾರೆ. ಯಾರನ್ನಾದರೂ ಕಳಿಸೋಣವೆಂದರೆ ಅವನ ಹಿಂದೆಯೇ ಪೊಲೀಸ ಹೋಗುತ್ತಾನೆ. ಸುಮ್ಮನಿದ್ದರೆ ಮಾಸ್ತರ ಮುಂದಿನ ಕಾಗದದಲ್ಲಿ ಏನು ಬರೆದುಬಿಡುತ್ತಾನೋ.

ಆ ಮಧ್ಯಾಹ್ನ ಅವನು ಹನ್ನೊಂದು ವರ್ಷದ ಕಾಗದಗಳನ್ನು ಒಲೆಗೆ ಹಾಕಿದ. ಕೆಲವನ್ನು ಮತ್ತೊಮ್ಮೆ ಓದಿ ಹಾಕಿದ. ಆಮೇಲೆ ಕೂತು ಬರೆದ:

“ಮಾಸ್ತರರಿಗೆ. ನಿಮ್ಮ ಬರಹ ತಲುಪಿತು. ಇಂಥದ್ದಕ್ಕೆ ನಮ್ಮ ಪತ್ರಿಕೆಯಲ್ಲಿ ಎಂದೂ ಜಾಗ ಕೊಟ್ಟಿಲ್ಲ, ಮುಂದೆಯೂ ಕೊಡುವುದಿಲ್ಲ. ದಾರಿಹೋಕನನ್ನು ಓದಿ ಅವನಂತೆ ಬರೆಯಲು ಹೊರಟವರು ಬಹಳ ಮಂದಿ ಇದ್ದಾರೆ. ನೀವು ಅವರಲ್ಲೊಬ್ಬರು. ಮಕ್ಕಳಿಗೆ ಮಗ್ಗಿ ಹೇಳಿಕೊಡಿ. ಇನ್ನು ಮೇಲೆ ನನಗೆ ಬರೆಯಬೇಡಿ.”

ಬರೆದ ಮೇಲೆ ಅವನಿಗೆ ಆ ದಿನ ಊಟ ಸೇರಲಿಲ್ಲ. ಆದರೂ ಟಪ್ಪಾಲಿಗೆ ಹಾಕಿದ. ಪೊಲೀಸರ ಕಣ್ಣಿಗಾಗಿ ಬರೆದದ್ದು ಇದು ಎಂಬುದು ಮಾಸ್ತರನಿಗೆ ತಿಳಿದೇ ತಿಳಿಯುತ್ತದೆ ಎಂದು ಅವನ ನಂಬಿಕೆ.

ಮಾಸ್ತರ ಕಾಗದ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಹೆಂಡತಿಗೆ ಓದಿ ಹೇಳಿದ.

ಶಿವಲಿಂಗವ್ವ ಹೇಳಿದಳು: “ಇದು ಅವರ ಮಾತಲ್ರಿ. ಅವರು ನಮ್ಮ ಕ್ಷೇಮಾ ಕೇಳದ ಒಂದು ಕಾಗದಾನೂ ಬರದಿಲ್ಲ. ಈ ಸಲ ಕೇಳಿಲ್ಲ. ಅಲ್ಲೆ ಏನೋ ಆಗೇತಿ. ಎರಡು ದಿನ ತಡೀರಿ.”

“ಆಗಿರುವುದೇನು? ನನ್ನ ಹೆಸರಿಲ್ಲದ ಲೇಖನಗಳನ್ನು ಈಗ ತನ್ನವು ಎನ್ನಲು ಹೊರಟಿದ್ದಾನೆ” ಎಂದ ಮಾಸ್ತರ.

ಅವಳ ಮಾತು ಅವನ ಮನಸ್ಸಿಗೆ ಒಮ್ಮೆ ತಟ್ಟದೆ ಇರಲಿಲ್ಲ. ಆದರೆ ‘ನೀವು ಅವರಲ್ಲೊಬ್ಬರು’ ಎಂಬ ಸಾಲು ಮುಳ್ಳಿನಂತೆ ಚುಚ್ಚುತ್ತಿತ್ತು. ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳತೊಡಗಿದರೆ ಅವನಿಗೆ ಕೇಳಲಾಗುತ್ತಿರಲಿಲ್ಲ. ಎರಡು ದಿನ ತಡೆಯುವುದಿರಲಿ, ಒಂದು ದಿನವೂ ತಡೆಯಲಿಲ್ಲ. ಕೂತು ಬರೆದ.

ಹನ್ನೊಂದು ವರ್ಷದಲ್ಲಿ ತಾನು ಬರೆದ ಒಂದೊಂದು ಲೇಖನವನ್ನೂ ಹೆಸರಿಸಿದ. ಯಾವುದು ಯಾವ ತಿಂಗಳು ಅಚ್ಚಾಯಿತು, ಯಾವ ಸಾಲನ್ನು ಸಂಪಾದಕ ತೆಗೆದ, ಎಲ್ಲವನ್ನೂ ಬರೆದ. ಕೊನೆಗೆ ಹೀಗೆ ಬರೆದ: “ದಾರಿಹೋಕ ನಾನು. ಆ ಗಾಡಿಯವನು ನನ್ನ ಜಗಲಿಯ ಮೇಲೆ ಕೂತು ಅತ್ತ. ಅವನು ನಮ್ಮೂರ ಫಕೀರಪ್ಪ. ಲೇಖನ ನಿಮ್ಮದಾಗಿದ್ದರೆ ಈ ಹೆಸರು ನಿಮಗೆ ಗೊತ್ತಿತ್ತೇ?”

ಟಪ್ಪಾಲು ಪೆಟ್ಟಿಗೆ ಇದ್ದದ್ದು ಮೂರು ಮೈಲಿಯಾಚೆ. ಬಿಸಿಲಿನಲ್ಲಿ ನಡೆದುಹೋದ. ಪೆಟ್ಟಿಗೆಯ ಬಾಯಲ್ಲಿ ಲಕೋಟೆ ಇಟ್ಟಾಗ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಬಿಟ್ಟ. ಮನೆಗೆ ಬರುವಾಗ ಅವನ ಎದೆ ಹಗುರಾಗಿತ್ತು.

ಆ ಕಾಗದ ಸಂಪಾದಕನಿಗೆ ತಲುಪಲೇ ಇಲ್ಲ.

ಎಂಟು ದಿನದಲ್ಲಿ ಮಾಸ್ತರನ ಕೆಲಸ ಹೋಯಿತು. ಕಚೇರಿಯಲ್ಲಿ ಸುಳ್ಳು ಹೇಳಿದನೆಂದು ಸಂಪಾದಕನಿಗೆ ಒಂದು ವರ್ಷ ಸೆರೆವಾಸವಾಯಿತು. ಪತ್ರಿಕೆ ನಿಂತಿತು. ಪೊಲೀಸರು ಫಕೀರಪ್ಪನ ಮನೆಗೆ ಹೋದರು. ತಂಗಿ ಮನೆಯಲ್ಲೇ ಸತ್ತಳೆಂದು ಹೆಬ್ಬೆಟ್ಟು ಒತ್ತಲು ಹೇಳಿದರು. ಅವನು ಒತ್ತಲಿಲ್ಲ. ಅವನ ಮೇಲೆ ಕಳ್ಳತನದ ಮೊಕದ್ದಮೆ ಹಾಕಿದರು. ಒಂದು ಬೆಳಗ್ಗೆ ಅವನ ಮನೆಗೆ ಬೀಗ ಬಿದ್ದಿತ್ತು. ಹೆಂಡತಿ, ಮಕ್ಕಳು, ಮುದುಕಿ ತಾಯಿ ಎಲ್ಲರನ್ನೂ ಕರೆದುಕೊಂಡು ಎಲ್ಲಿಗೋ ಹೋಗಿದ್ದ.

ವರ್ಷ ಕಳೆಯಿತು. ಭುಜಂಗರಾಯನ ಬಿಡುಗಡೆಯ ದಿನ ಮಾಸ್ತರ ಸೆರೆಮನೆಯ ಬಾಗಿಲಿಗೆ ಹೋದ. ಅವರು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಮಾಸ್ತರ ತನ್ನ ಹೆಸರು ಹೇಳಿ ಕಾಲಿಗೆ ಬಿದ್ದ.

“ರಾಯರೇ, ಒಂದು ಸುಳಿವಾದರೂ ಕೊಡಬಾರದಿತ್ತೇ?” ಎಂದು ಕೇಳಿದ.

ಸಂಪಾದಕ ಅವನನ್ನು ಎಬ್ಬಿಸಿದ. “ಹನ್ನೊಂದು ವರ್ಷ ಬರೆದಿದ್ದೆನಲ್ಲ ಮಾಸ್ತರೇ. ಅಷ್ಟು ಸಾಕೆಂದುಕೊಂಡೆ” ಎಂದ. ಆಮೇಲೆ, “ಫಕೀರಪ್ಪ ಈಗ ಎಲ್ಲಿದ್ದಾನೆ?” ಎಂದು ಕೇಳಿದ.

ಮಾಸ್ತರನಿಗೆ ಗೊತ್ತಿರಲಿಲ್ಲ. ಇಬ್ಬರೂ ಹುಡುಕಿಕೊಂಡು ಹೊರಟರು. ಊರೂರು ತಿರುಗಿದರು. ಅವನು ಸಿಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಮಾಸ್ತರ ಬರೆದ ಕಾಗದದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ?” ಎಂದ.

“ಇರಲಿಲ್ಲ. ಆ ನಿಜ ಅಂದು ಬೇಕಾಗಿದ್ದದ್ದು ಯಾರಿಗೆ, ಹೇಳು” ಎಂದರು ಗುರುಗಳು.

“ಕಾಗದ ಬಿಚ್ಚಿ ಓದುತ್ತಿದ್ದವರಿಗೆ” ಎಂದ ಶಿಷ್ಯ.