ಕುಲುಮೆ ಆರಿಸಿದ ಊರು

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಜೀವಕೋಶವು ಕೆಟ್ಟ ಪ್ರೋಟೀನುಗಳಿಗೆ ಗುರುತು ಹಚ್ಚಿ ಕರಗಿಸುತ್ತದೆ. ಒಳಹೊಕ್ಕ ವೈರಸ್ಸು ಅದೇ ಗುರುತನ್ನು ಕಾವಲಿನ ಪ್ರೋಟೀನುಗಳಿಗೆ ಹಚ್ಚಿಸಿ ಅವನ್ನೂ ಕರಗಿಸುತ್ತದೆ ಎಂದಿರಿ. ಹಾಗಾದರೆ ಕರಗಿಸುವ ಕೆಲಸವನ್ನೇ ನಿಲ್ಲಿಸುವ ಮದ್ದು ಕೊಟ್ಟರಾಗದೇ? ನನಗೆ ಇದಕ್ಕಿಂತ ಸುಲಭದ ದಾರಿ ಕಾಣುತ್ತಿಲ್ಲ."

ಗುರು ನಕ್ಕು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಂಚುಗಾರನಿದ್ದ. ಊರವರು ಒಡೆದ ಪಾತ್ರೆಗೆ ಸುಣ್ಣದ ಗುರುತಿಟ್ಟು ಬಾಗಿಲ ಹೊರಗೆ ಇಡುತ್ತಿದ್ದರು. ಅವನು ಬೆಳಗ್ಗೆ ಬಂದು ಒಯ್ದು, ಕುಲುಮೆಯಲ್ಲಿ ಕರಗಿಸಿ, ಹೊಸದನ್ನು ಎರಕ ಹೊಯ್ದು ಕೊಡುತ್ತಿದ್ದ. ಗುರುತಿಟ್ಟದ್ದು ನಿಜವಾಗಿ ಒಡೆದಿದೆಯೇ ಎಂದು ಅವನು ತಟ್ಟಿ ನೋಡುವಂತಿರಲಿಲ್ಲ. ತಟ್ಟಿದರೆ ಮನೆಯವರನ್ನು ನಂಬದಂತೆ, ಅದು ಮರ್ಯಾದೆಯಲ್ಲ ಎಂದು ಆ ಊರಿನ ಕಟ್ಟಳೆ.

ಒಬ್ಬ ವ್ಯಾಪಾರಿ ಬಂದು ಆ ಊರಿನಲ್ಲಿ ಬಿಡಾರ ಹೂಡಿದ. ಒಳ್ಳೆಯ ಮಾತಿನವನು. ಅವನು ಕಳ್ಳರ ಕಡೆಯವನೆಂದು ಯಾರಿಗೂ ತಿಳಿಯಲಿಲ್ಲ. ಒಂದು ದಿನ ಯಾರೂ ಕಾಣದಂತೆ ಊರಬಾಗಿಲಿನ ಎಚ್ಚರಿಕೆಯ ಗಂಟೆಗೆ ಸುಣ್ಣ ಹಚ್ಚಿದ.

ಬೆಳಗ್ಗೆ ಕಂಚುಗಾರ ಗಂಟೆಯ ಮುಂದೆ ನಿಂತ. ಅದು ಅವನ ಅಪ್ಪ ಎರಕ ಹೊಯ್ದ ಗಂಟೆ. ತಟ್ಟಿ ನೋಡಲು ಕೈಯೆತ್ತಿದ. ಊರ ಹಿರಿಯರೇ ಗುರುತಿಟ್ಟಿರಬೇಕು, ತಟ್ಟಿದರೆ ಏನೆಂದುಕೊಂಡಾರು ಎಂದು ಕೈ ಇಳಿಸಿದ. ಮನಸ್ಸು ಒಪ್ಪದಿದ್ದರೂ ಗಂಟೆಯನ್ನು ಬಿಚ್ಚಿ ಒಯ್ದು ಕರಗಿಸಿದ. ಆ ಲೋಹದಲ್ಲೇ ವ್ಯಾಪಾರಿ ಕೇಳಿದ ಕೊಪ್ಪರಿಗೆಗಳನ್ನು ಮಾಡಿಕೊಟ್ಟ. ಕಳ್ಳರು ಬಂದರು. ಊರಿನ ರಾಗಿಯನ್ನು ಅದೇ ಕೊಪ್ಪರಿಗೆಗಳಲ್ಲಿ ತುಂಬಿಕೊಂಡು ಹೋದರು.

ಬೇಲಿಯೇ ಎದ್ದು ಹೊಲ ಮೇಯಿತು ಎಂದು ಊರವರು ಕಂಚುಗಾರನನ್ನು ಬೈದರು. ಅವನು ನಾಚಿಕೆಯಿಂದ ತಲೆಯೆತ್ತಲಿಲ್ಲ. ಕುಲುಮೆಯನ್ನೇ ಆರಿಸಬೇಕೆಂದು ಪಂಚಾಯಿತಿಯಲ್ಲಿ ತೀರ್ಮಾನವಾಯಿತು.

"ಕುಲುಮೆ ಆರಿದರೆ ಹೊಸ ಗಂಟೆ ಎಲ್ಲಿಂದ ಬರುತ್ತದೆ ಸ್ವಾಮಿ?" ಎಂದು ಅವನು ಕೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರೆ ಆಗುವುದೇನು? ತೂತು ಬಿದ್ದ ಪಾತ್ರೆಗಳು ಮನೆಮನೆಯಲ್ಲೂ ರಾಶಿ ಬಿದ್ದವು. ಕಲಾಯಿ ಹಾಕಲೂ ಕುಲುಮೆಯಿಲ್ಲ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಕುದಿಸಿ, ಕಿಲುಬು ಸೇರಿದ ಸಾರನ್ನೇ ಉಂಡರು. ಗಂಟೆಯಿಲ್ಲದ ಊರಿಗೆ ಕಳ್ಳರು ಮತ್ತೆ ಬಂದು ಹೋದರು. ಕಂಚುಗಾರನ ಮಗಳು ವಾಂತಿಯಾಗಿ ಹಾಸಿಗೆ ಹಿಡಿದಳು. ಮಗಳ ಬತ್ತಿದ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ. ಕಟ್ಟಳೆಯನ್ನೂ ತೀರ್ಮಾನವನ್ನೂ ಬದಿಗಿಟ್ಟು ಕುಲುಮೆ ಹೊತ್ತಿಸಿದ. ಗುರುತಿಟ್ಟ ಪ್ರತಿಯೊಂದನ್ನೂ ತಟ್ಟಿ, ಒಡಕು ದನಿ ಬಂದದ್ದನ್ನು ಮಾತ್ರ ಕರಗಿಸಿದ. ಮೊದಲು ಮಗಳಿಗೆ ಗಂಜಿ ಕಾಯಿಸಲು ಒಂದು ಪಾತ್ರೆ ಮಾಡಿದ, ಆಮೇಲೆ ಗಂಟೆ ಎರಕ ಹೊಯ್ದ. ಮಗಳು ಚೇತರಿಸಿಕೊಂಡಳು. ಕಳ್ಳರು ಮೂರನೆಯ ಸಲ ಬಂದಾಗ ಊರಿಗೆ ಊರೇ ಎದ್ದು ನಿಂತಿತ್ತು.

ಕತೆ ಮುಗಿಯಿತು. ಶಿಷ್ಯನಿಗೆ ಇನ್ನೂ ಕುತೂಹಲ.

"ಕುಲುಮೆ ಆರಿಸಿ ಎಂದು ಪಂಚಾಯಿತಿಯಲ್ಲಿ ಮೊದಲು ಹೇಳಿದವರು ಯಾರು ಗುರುಗಳೇ?"

"ಗಂಟೆಗೆ ಸುಣ್ಣ ಹಚ್ಚಿದ ವ್ಯಾಪಾರಿಯೇ," ಎಂದರು ಗುರು.